ಹಳೆ ಕಂಪ್ಯೂಟರ್ ತೂಕಕ್ಕೆ ಹಾಕುವ ಮುಂಚೆ

ಸಂಪಾದಕರೇ,

ಬೇಸಿಗೆ ರಜೆ ಬಂತೆಂದರೆ ನಮ್ಮ ಕಲಬುರಗಿಯ ಶಾಲೆ-ಕಾಲೇಜುಗಳ ಸ್ಟೋರ್ ರೂಮ್ ಖಾಲಿ ಮಾಡೋ ಕೆಲಸ ಶುರು. ಮುರಿದ ಬೆಂಚು, ತುಕ್ಕು ಹಿಡಿದ ಫ್ಯಾನ್ ಜೊತೆ ಹಳೆ ಕಂಪ್ಯೂಟರೂ ಗುಜರಿಗೆ ಹೋಗುತ್ತವೆ, ಅದೂ ಕೆಜಿ ಲೆಕ್ಕದಲ್ಲಿ. ಅವನ್ನು ಹುಡುಕಿ ತಂದು ರಿಪೇರಿ ಮಾಡುವ ಹುಚ್ಚು ನನ್ನದು. ಹೊಟ್ಟೆ ಉರಿಯದೆ ಇರುತ್ತಾ?

1984ರಲ್ಲಿ ಕೇಂದ್ರ ಸರ್ಕಾರ ‘ಕ್ಲಾಸ್’ ಯೋಜನೆ ಶುರು ಮಾಡಿ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೋ ಕಂಪ್ಯೂಟರ್ ಕೊಟ್ಟಿತ್ತು. ಇಂಗ್ಲೆಂಡಿನ ಏಕಾರ್ನ್ ಕಂಪನಿಯದು, ಮೆಮೊರಿ ಬರೀ 32 ಕೆಬಿ. ವಾಟ್ಸಾಪ್‌ನಲ್ಲಿ ಬರೋ ಗುಡ್ ಮಾರ್ನಿಂಗ್ ಫೋಟೋನೇ ಇದಕ್ಕಿಂತ ಜಾಸ್ತಿ ಇರುತ್ತೆ! ಆದರೆ ಅದೇ ಕಂಪನಿ ಮುಂದೆ ಮಾಡಿದ ಆರ್ಮ್ ಚಿಪ್ಪಿನ ಸಂತತಿಯೇ ಇವತ್ತು ನಮ್ಮೆಲ್ಲರ ಮೊಬೈಲಿನಲ್ಲಿರೋದು.

ಇಂಥದ್ದು ಸಿಕ್ಕರೆ, ನಡೆಯುತ್ತಾ ನೋಡೋಣ ಅಂತ ಸುಮ್ನೆ ಪ್ಲಗ್ ಹಾಕಬೇಡಿ. ಪವರ್ ಸಪ್ಲೈ ಒಳಗೆ ಜೇನು ಬಣ್ಣದ ಪುಟ್ಟ ಕೆಪಾಸಿಟರ್ ಇರುತ್ತೆ, ವರ್ಷ ಕಳೆದ ಹಾಗೆ ಅದರ ಮೈ ಬಿರುಕು ಬಿಟ್ಟು ಒಳಗಿನ ಕಾಗದ ತೇವ ಹೀರಿಕೊಂಡಿರುತ್ತೆ, ಕರೆಂಟ್ ಕೊಟ್ಟರೆ ಡಬ್ ಅಂತ ಒಡೆದು ಕೋಣೆ ತುಂಬ ಕೆಟ್ಟ ಹೊಗೆ. ಮೊದಲೇ ಬದಲಿಸಿದರೆ ಮುಗೀತು. ಫ್ಲಾಪಿ (ಪ್ರೋಗ್ರಾಂ ಉಳಿಸಿಡೋ ತೆಳು ಡಿಸ್ಕ್) ಓದೋ ಡಿಸ್ಕ್ ಡ್ರೈವ್‌ದು ಬೇರೆ ಕಥೆ. ಫ್ಲಾಪಿಯಲ್ಲಿರೋದನ್ನ ಓದೋ ಪುಟ್ಟ ಭಾಗ, ಅಂದರೆ ಹೆಡ್, ಓಡಾಡೋ ಸರಳಿನ ಮೇಲಿನ ಗ್ರೀಸ್ ಗಟ್ಟಿಯಾಗಿ ಹೆಡ್ ಅಲುಗೋದೇ ಇಲ್ಲ, ಕೆಲವು ಹಳೆ ಡ್ರೈವ್‌ಗಳಲ್ಲಿ ರಬ್ಬರ್ ಬೆಲ್ಟ್ ಕರಗಿ ಡಾಂಬರಿನ ಹಾಗೆ ಅಂಟಿಕೊಂಡಿರುತ್ತೆ. ನಮ್ಮ ಊರಿನ ಧೂಳು ಕೇಳಲೇಬೇಡಿ. ಹಳೆ ಗ್ರೀಸ್ ಒರೆಸಿ ಹೊಸದು ಚೂರು ಹಚ್ಚಿ, ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿ ಕಡ್ಡಿಯಿಂದ ಹೆಡ್ ಮೆಲ್ಲಗೆ ಒರೆಸಿದರೆ ಎಷ್ಟೋ ಡ್ರೈವ್ ಮತ್ತೆ ಓದೋಕೆ ಶುರು ಮಾಡುತ್ತವೆ.

ಖರೆ ಹೇಳಬೇಕೆಂದರೆ ನನಗೆ ಜಾಸ್ತಿ ಚಿಂತೆ ಫ್ಲಾಪಿಗಳದು. ಕಂಪ್ಯೂಟರ್ ಇನ್ನೊಂದು ಕಡೆ ಸಿಗಬಹುದು. ಯಾರೋ ಮಾಸ್ತರು ಮಕ್ಕಳಿಗಾಗಿ ಕಂಪ್ಯೂಟರ್ ಭಾಷೆಯಾದ ಬೇಸಿಕ್‌ನಲ್ಲಿ ಬರೆದಿಟ್ಟ ಮಗ್ಗಿ ಪ್ರೋಗ್ರಾಂ ಎಲ್ಲಿ ಸಿಗಬೇಕು? ಒಂದು ಶಾಲೆಯವರು ಕಂಪ್ಯೂಟರನ್ನೇನೋ ಪ್ರೀತಿಯಿಂದ ತೋರಿಸಿದರು, ಫ್ಲಾಪಿ ಡಬ್ಬಿ ಮಾತ್ರ ಆಗಲೇ ಕಸದ ಜೊತೆ ಸುಟ್ಟಾಗಿತ್ತು. ಫ್ಲಾಪಿ ಸಿಕ್ಕರೆ ಬಿಸಿಲಿಗೆ, ಸ್ಪೀಕರ್ ಹತ್ತಿರ ಇಡಬೇಡಿ. ಬೂಷ್ಟು ಬಂದಿದ್ದರೆ ಡ್ರೈವ್‌ಗೆ ಹಾಕಲೇಬೇಡಿ, ಅದು ಹೆಡ್‌ಗೆ ಮೆತ್ತಿಕೊಂಡು ಮುಂದಿನ ಫ್ಲಾಪಿಯನ್ನೂ ಕೆಡಿಸುತ್ತೆ.

ಸರ್ಕಾರಿ ಸಾಮಾನಿಗೆ ಹರಾಜು, ಸಹಿ, ಸೀಲು ಎಲ್ಲ ಬೇಕು, ಒಪ್ಪೋಣ. ಆದರೆ ಪಟ್ಟಿ ಮಾಡುವಾಗಲೇ ತಿಳಿದವರೊಬ್ಬರನ್ನು ಕರೆದು ತೋರಿಸೋಕೆ ಏನು ಖರ್ಚು? ನಮ್ಮಲ್ಲಿ ಜಿಲ್ಲಾ ವಿಜ್ಞಾನ ಕೇಂದ್ರ ಇದೆ, ಅಲ್ಲಿ ಇಂಥ ಒಂದು ಕಂಪ್ಯೂಟರನ್ನು ಗಾಜಿನ ಪೆಟ್ಟಿಗೆಯೊಳಗೆ ಇಡದೆ, ಮಕ್ಕಳು ಕೀ ಒತ್ತಿ ನೋಡೋ ಹಾಗೆ ಇಟ್ಟರೆ ಚೆನ್ನ, ಅಲ್ವಾ? ರಿಪೇರಿಗೆ ದುಡ್ಡು ಬೇಡ, ನಾನೇ ಬಂದು ಮಾಡಿಕೊಡುತ್ತೇನೆ.

— ಒಬ್ಬ ಓದುಗ, ಕಲಬುರಗಿ