ಎದುರು ಕೂತವರ ಮುಖ

ಎಲ್ಲರಿಗೂ ನಮಸ್ಕಾರ.

ಸಿಡ್ನಿಯಲ್ಲಿರುವ ನಮಗೆ ಆರ್ಚಿಬಾಲ್ಡ್ ಬಹುಮಾನದ ಹೆಸರು ಹೊಸದಲ್ಲ. 1921ರಿಂದ ನಡೆದುಬಂದಿರುವ ಭಾವಚಿತ್ರ ಸ್ಪರ್ಧೆ ಇದು. ಅದರ ನೂರನೇ ವರ್ಷ, 2021ರಲ್ಲಿ, ಗೆದ್ದವರು ಪೀಟರ್ ವೆಗ್ನರ್. ಅವರು ಬರೆದದ್ದು ಗೈ ವಾರೆನ್ ಎಂಬ ಹಿರಿಯ ಕಲಾವಿದರನ್ನು. ವಾರೆನ್ ಅವರಿಗೂ ಆ ವರ್ಷವೇ ನೂರು ತುಂಬಿತ್ತು. ಬರೆದವರೂ ಅರವತ್ತೈದು ದಾಟಿದವರೇ. ವಾರೆನ್ ಸ್ವತಃ ಇದೇ ಬಹುಮಾನ ಗೆದ್ದದ್ದು 1985ರಲ್ಲಿ, ಅವರಿಗೂ ಆಗ ಅರವತ್ತು ದಾಟಿತ್ತು.

ಇವರಿಬ್ಬರೂ ಮೊದಲಿನಿಂದ ಕಲಾವಿದರೇ, ನಿಜ. ಆದರೆ ಬೇರೆ ನೌಕರಿ ಮಾಡಿ, ಮಕ್ಕಳನ್ನು ಓದಿಸಿ, ಮನೆ ಸಾಲ ತೀರಿಸಿ, ಆಮೇಲೆ ಕುಂಚ ಹಿಡಿದವರು ನಮ್ಮ ನಡುವೆಯೇ ಇದ್ದಾರೆ. ಈ ಸಲ ಅವರ ಬಗ್ಗೆ ಬರೆಯಬೇಕು ಅನ್ನಿಸಿತು.

ನಮ್ಮ ಕನ್ನಡ ಸಂಘದ ಹಿರಿಯ ಸದಸ್ಯರೊಬ್ಬರು ಸಿವಿಲ್ ಎಂಜಿನಿಯರ್ ಆಗಿದ್ದವರು. ಹೆಸರು ಹಾಕಬೇಡಿ ಅಂದಿದ್ದಾರೆ. ನಿವೃತ್ತಿಯ ನಂತರ ವಾರಾಂತ್ಯದ ಡ್ರಾಯಿಂಗ್ ತರಗತಿಗೆ ಸೇರಿದರು. ಈಗ ದುಡ್ಡು ತೆಗೆದುಕೊಂಡು ಭಾವಚಿತ್ರ ಬರೆದುಕೊಡುತ್ತಾರೆ. ಅವರ ಗ್ಯಾರೇಜಿನಿಂದ ಕಾರು ಹೊರಗೆ ಬಂದಿದೆ, ಚಿತ್ರ ಬರೆಯಲು ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ ಒಳಗೆ ಹೋಗಿದೆ. ಮೊನ್ನೆ ನಾನು ಹೋದಾಗ ತಿಪಟೂರು ಕಡೆಯ ಒಬ್ಬ ಅಜ್ಜಿ ಎದುರಿಗೆ ಕೂತಿದ್ದರು. ಮಗಳ ಮನೆಗೆ ಬಂದವರು.

"ಎಷ್ಟೊತ್ತು ಹಿಂಗೇ ಕೂರ್ಬೇಕಪ್ಪಾ?"

"ಇಪ್ಪತ್ತು ನಿಮಿಷ ಅಷ್ಟೇ ಅಮ್ಮಾ. ಆಮೇಲೆ ಕಾಫಿ."

ಅವರು ಕೆಲಸ ಮಾಡುವುದನ್ನು ನೋಡುತ್ತಾ ನಾನು ಕಲಿತದ್ದು ಬಹಳ. ಹೊಸಬರೆಲ್ಲ ಕಣ್ಣನ್ನು ತುಂಬಾ ಮೇಲೆ ಬರೆಯುತ್ತಾರಂತೆ. ಹಣೆಯಲ್ಲಿ ನೋಡಲು ಏನೂ ಇಲ್ಲ ಅಂತ ಮನಸ್ಸು ಅದನ್ನು ಚಿಕ್ಕದು ಮಾಡಿಬಿಡುತ್ತದೆ. ನಿಜಕ್ಕೂ ನೆತ್ತಿಯಿಂದ ಗಲ್ಲದವರೆಗೆ ಅಳೆದರೆ ಕಣ್ಣು ಬರುವುದು ಸುಮಾರು ಅರ್ಧದಲ್ಲಿ. ಕಣ್ಣಿನ ಬಿಳಿ ಭಾಗವೂ ಬಿಳಿಯಲ್ಲ. ರೆಪ್ಪೆಯ ನೆರಳು ಬಿದ್ದು ಅದು ಬೂದು ಬಣ್ಣಕ್ಕೆ ತಿರುಗಿರುತ್ತದೆ. ಇನ್ನು ನಮ್ಮವರ ಮೈಬಣ್ಣ ಬೇರೆಯೇ ಒಂದು ಪಾಠ. ಬೆಳಕು ಬಿದ್ದ ಕಡೆ ಬರೀ ಬಿಳಿ ಬೆರೆಸಿದರೆ ಮುಖ ಬೂದಿ ಬಳಿದ ಹಾಗೆ ಕಾಣುತ್ತದೆ. ಯೆಲ್ಲೋ ಓಕರ್ ಎಂಬ ಮಣ್ಣಿನ ಹಳದಿ, ಸ್ವಲ್ಪ ಕೆಂಪು ಸೇರಿಸಿಕೊಂಡೇ ತಿಳಿ ಮಾಡಬೇಕು. ನೆರಳಿಗೆ ಕಪ್ಪು ಹಾಕದೆ ಬರ್ನ್ಟ್ ಸಿಯೆನ್ನಾ ಎಂಬ ಕೆಂಗಂದು ಬಣ್ಣಕ್ಕೆ ಅಲ್ಟ್ರಾಮರೀನ್ ನೀಲಿ ಬೆರೆಸುತ್ತಾರೆ. ಆ ಕಂದು ಒಳಗಿನಿಂದ ಬೆಚ್ಚಗಿರುತ್ತದೆ.

ಅಜ್ಜಿಯ ಮೂಗುತಿಗೆ ಅವರು ಕೊನೆಯವರೆಗೂ ಕೈ ಹಚ್ಚಲಿಲ್ಲ. ಮೂಗಿನ ಪಕ್ಕ ಒಂದು ಕಪ್ಪು ಮಚ್ಚೆ ಮಾತ್ರ ಇಟ್ಟಿದ್ದರು. ಎಲ್ಲ ಮುಗಿದ ಮೇಲೆ ಸಣ್ಣ ಕುಂಚದ ತುದಿಯಲ್ಲಿ ದಪ್ಪ ಬಿಳಿ ಬಣ್ಣ ತೆಗೆದು ಒಂದೇ ಒಂದು ಚುಕ್ಕೆ ಇಟ್ಟರು. ವಜ್ರ ಹೊಳೆಯಿತು. ಅಜ್ಜಿ ಹತ್ತಿರ ಬಂದು ನೋಡಿ, "ನಮ್ಮತ್ತೆ ಕೊಟ್ಟಿದ್ದು ಕಣಪ್ಪಾ ಅದು" ಅಂದರು. ಅಲ್ಲಿಂದ ಅತ್ತೆಯ ಕಥೆ, ತೋಟದ ಕಥೆ, ಬರ ಬಂದ ವರ್ಷದ ಕಥೆ. ಮಗಳಿಗೂ ಅದೆಲ್ಲ ಗೊತ್ತಿರಲಿಲ್ಲವಂತೆ.

ನನಗೆ ಮುಖ್ಯ ಅನ್ನಿಸುವುದು ಇದೇ. ನಮ್ಮ ಮನೆಗಳಲ್ಲಿ ಹಿರಿಯರ ಚಿತ್ರ ಗೋಡೆಗೆ ಏರುವುದು ಯಾವಾಗ? ಅವರು ಹೋದ ಮೇಲೆ, ಗಂಧದ ಹಾರದ ಜೊತೆ. ಅದೂ ಯಾವುದೋ ಮದುವೆ ಫೋಟೋದಿಂದ ಕತ್ತರಿಸಿ ದೊಡ್ಡದು ಮಾಡಿಸಿದ್ದು. ಇಲ್ಲಿಗೆ ಬರುವ ಅಪ್ಪ ಅಮ್ಮಂದಿರು ಹಗಲೆಲ್ಲ ಮನೆಯಲ್ಲಿ ಒಬ್ಬರೇ ಇರುತ್ತಾರೆ. ಮಗ ಸೊಸೆ ಕೆಲಸಕ್ಕೆ, ಮೊಮ್ಮಕ್ಕಳು ಸ್ಕೂಲಿಗೆ. ಅವರ ಮುಖವನ್ನು ಎರಡು ಗಂಟೆ ಯಾರಾದರೂ ಗಮನವಿಟ್ಟು ನೋಡಿ ಎಷ್ಟು ವರ್ಷವಾಯಿತೋ! ಅರವತ್ತು ದಾಟಿದ ಚಿತ್ರಕಾರರಿಗೆ ಆ ಪುರುಸೊತ್ತಿದೆ. ಮಂಡಿ ನೋವು ಎಂದರೆ ಏನು ಅಂತಲೂ ಗೊತ್ತಿದೆ.

ಅದಕ್ಕೇ, ಫೋನಿನಲ್ಲಿರುವ ಫೋಟೋ ಕಳಿಸಿ "ಇದನ್ನೇ ನೋಡಿ ಬರೆದುಬಿಡಿ" ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಆರ್ಚಿಬಾಲ್ಡ್ ನಿಯಮದಲ್ಲೂ ಚಿತ್ರಕ್ಕೆ ಕೂರುವವರು ಒಮ್ಮೆಯಾದರೂ ಕಲಾವಿದರ ಎದುರು ಕೂತಿರಲೇಬೇಕು. ತೀರಿಹೋದವರ ಚಿತ್ರವಾದರೆ ಬೇರೆ ಮಾತು. ಇರುವವರನ್ನು ಕೂರಿಸಿಯೇ ಬರೆಸಿ.

ಇನ್ನೊಂದು ವಿಷಯ, ದುಡ್ಡಿನದು. "ನಮ್ಮವರೇ ಅಲ್ವಾ, ಸುಮ್ನೆ ಒಂದು ಬರ್ಕೊಡಿ" ಅನ್ನುವುದನ್ನು ಬಿಡೋಣ. ಒಳ್ಳೆಯ ಕ್ಯಾನ್ವಾಸು, ಎಣ್ಣೆ ಬಣ್ಣ ಯಾವುದೂ ಅಗ್ಗವಲ್ಲ. ಅದಕ್ಕಿಂತ ಜಾಸ್ತಿ ಬೆಲೆಬಾಳುವುದು ಆ ಕೈ ಕಲಿತ ಕೆಲಸ. ನಿವೃತ್ತರು ಮಾಡಿದ ಮಾತ್ರಕ್ಕೆ ಅದು ಟೈಂಪಾಸ್ ಆಗುವುದಿಲ್ಲ. ಬರೆಯುವವರಿಗೂ ಒಂದು ಮಾತು: ದರ ಮೊದಲೇ ಹೇಳಿ, ಮುಂಗಡ ತೆಗೆದುಕೊಳ್ಳಿ. ಹವ್ಯಾಸ ದಾಟಿ ವ್ಯಾಪಾರದ ಹಾಗೆ ನಡೆಸುವುದಾದರೆ ಎಬಿಎನ್ (ಇಲ್ಲಿನ ವ್ಯಾಪಾರ ನೋಂದಣಿ ಸಂಖ್ಯೆ) ಮಾಡಿಸಿ, ಲೆಕ್ಕ ಇಡಿ. ವರ್ಷದ ವಹಿವಾಟು 75,000 ಡಾಲರ್ ಮುಟ್ಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಇಲ್ಲಿನ ಸರ್ಕಾರದ ಪಿಂಚಣಿ ಬರುತ್ತಿದ್ದರೆ ಈ ಆದಾಯವನ್ನೂ ತಿಳಿಸಬೇಕಾಗುತ್ತದೆ.

ಕಲಿಯಲು ಈ ಊರಿನಲ್ಲಿ ಜಾಗಕ್ಕೆ ಬರವಿಲ್ಲ. ದಿ ರಾಕ್ಸ್‌ನ ಜೂಲಿಯನ್ ಆಶ್ಟನ್ ಕಲಾಶಾಲೆ 1890ರಲ್ಲಿ ಶುರುವಾದದ್ದು. ಡಾರ್ಲಿಂಗ್‌ಹರ್ಸ್ಟ್‌ನ ಹಳೆಯ ಜೈಲಿನ ಕಲ್ಲು ಗೋಡೆಗಳೊಳಗೆ ನ್ಯಾಷನಲ್ ಆರ್ಟ್ ಸ್ಕೂಲ್ ಇದೆ. ಅಲ್ಲಿ ಸಾರ್ವಜನಿಕರಿಗೂ ಕಿರು ಕೋರ್ಸುಗಳಿವೆ. ಬೇರೆ ದಾರಿ ಹಿಡಿದು ಆಮೇಲೆ ಕುಂಚಕ್ಕೆ ಬಂದವರೂ ಇದ್ದಾರೆ. ವಿಯೆಟ್ನಾಮಿನಿಂದ ದೋಣಿಯಲ್ಲಿ ನಿರಾಶ್ರಿತರಾಗಿ ಬಂದ ಆನ್ ಡೋ ಕಾನೂನು ಓದಿ, ಹಾಸ್ಯ ಕಲಾವಿದರಾಗಿ ಹೆಸರು ಮಾಡಿ, ಆಮೇಲೆ ಬಣ್ಣಕ್ಕೆ ಬಂದರು. 2014ರಲ್ಲಿ ತಮ್ಮ ತಂದೆಯ ಚಿತ್ರ ಬರೆದು ಆರ್ಚಿಬಾಲ್ಡ್ ಅಂತಿಮ ಸುತ್ತಿಗೆ ಬಂದರು. 2017ರಲ್ಲಿ ಜನರ ಮೆಚ್ಚುಗೆಯ ಬಹುಮಾನವೂ ಅವರಿಗೇ ಸಿಕ್ಕಿತು. ವಯಸ್ಸಿನ ಮಾತು ಬಂದರೆ ಟಾಗೋರರನ್ನು ನೆನೆಯಿರಿ. ಅವರು ಗಂಭೀರವಾಗಿ ಚಿತ್ರ ಬರೆಯತೊಡಗಿದ್ದೇ ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಅವರ ಮೊದಲ ಪ್ರದರ್ಶನ ನಡೆಯಿತು. ಅವರ ಚಿತ್ರಗಳಲ್ಲಿ ಎಷ್ಟೊಂದು ಮುಖಗಳಿವೆ!

ಜನವರಿಯಲ್ಲಿ ಬೆಂಗಳೂರಿಗೆ ಹೋಗುವವರು ಚಿತ್ರಕಲಾ ಪರಿಷತ್ತಿನ ಚಿತ್ರಸಂತೆಗೆ ಹೋಗಿಬನ್ನಿ. ಕುಮಾರಕೃಪಾ ರಸ್ತೆಯ ಬದಿಯಲ್ಲಿ ಕೂತು ನಿಮಿಷಗಳಲ್ಲಿ ಮುಖ ಬರೆದುಕೊಡುವ ಕಲಾವಿದರ ಕೈ ನೋಡಿ.

ಈ ನವೆಂಬರಿನ ರಾಜ್ಯೋತ್ಸವದ ದಿನ ಸಂಘದ ಪುಸ್ತಕ ಮೇಜಿನ ಪಕ್ಕ ಎರಡು ಕುರ್ಚಿ, ಒಂದು ಈಸೆಲ್ ಇಡುತ್ತಿದ್ದೇವೆ. ನಮ್ಮ ಎಂಜಿನಿಯರ್ ಸಾಹೇಬರು ಇದ್ದಿಲಿನಲ್ಲಿ ಬರೆಯುತ್ತಾರೆ. ದರದ ಪಟ್ಟಿ ಅಲ್ಲೇ ಇರುತ್ತದೆ. ಊರಿನಿಂದ ಬಂದಿರುವ ಅಪ್ಪ ಅಮ್ಮ, ಅತ್ತೆ ಮಾವಂದಿರ ಹೆಸರನ್ನು ಮುಂಚೆಯೇ ಬರೆಸಿ. ಬೆನ್ನು ನೋವಿರುವವರಿಗೆ ದಿಂಬಿನ ಕುರ್ಚಿ ಬೇಕಾದರೆ ಅದನ್ನೂ ತಿಳಿಸಿ, ತರಿಸುತ್ತೇವೆ.