ಗಿಡ ಇನ್ನೂ ಡ್ರಮ್ಮಿನಲ್ಲೇ ಇದೆ, ದೋಸ್ತ

ದೋಸ್ತ,

ನಾನು ಹಾಕಿದ ಫೋಟೋ ಕೆಳಗೆ "ಗಿಡಕ್ಕೆ ಮೈತುಂಬ ಗುಳ್ಳೆ ಎದ್ದಿವೆ, ಡಾಕ್ಟರಿಗೆ ತೋರಿಸು" ಅಂತ ಬರೆದೆಯಲ್ಲ, ಕಲಬುರಗಿ ಮಂದಿಯೆಲ್ಲ ನನ್ನನ್ನು ನೋಡಿ ನಕ್ಕರು. ನಗಲಿ ಬಿಡು. ಅದು ಗುಳ್ಳೆ ಅಲ್ಲ, ಹಣ್ಣು. ಜಬೂಟಿಕಾಬಾ ಅಂತ, ಬ್ರೆಜಿಲ್ ಕಡೆಯದು. ಬಹಳಷ್ಟು ಗಿಡಗಳ ಹಾಗೆ ಕೊಂಬೆಯ ತುದಿಗೆ ಕಾಯಿ ಬಿಡುವ ಚಾಳಿ ಇದಕ್ಕಿಲ್ಲ. ಕಾಂಡಕ್ಕೇ ಅಂಟಿಕೊಂಡು ಮೊದಲು ಬಿಳಿ ಹೂ, ಆಮೇಲೆ ಹಸಿರು ಗುಂಡು, ಆಮೇಲೆ ಕರಿ ದ್ರಾಕ್ಷಿಗಿಂತ ಸ್ವಲ್ಪ ದಪ್ಪನೆಯ ಹಣ್ಣು. ಹೂ ಬಂದಾಗ ನಮ್ಮ ಮನೆಯಲ್ಲೂ ಹುಳ ಮೊಟ್ಟೆ ಇಟ್ಟಿದೆ ಅಂತ ಬೇವಿನೆಣ್ಣೆ ತಂದಿದ್ದರು.

ಅವ್ವ ಮಾತ್ರ ಒಮ್ಮೆ ನೋಡಿ, "ಇದು ಗಾಣಗಾಪುರದ ಔದುಂಬರದ ತಂಗಿ" ಅಂದಳು. ಔದುಂಬರ ಅಂದರೆ ಅತ್ತಿ, ಅದೂ ಹಾಗೇ ಅಲ್ವಾ, ಕಾಂಡಕ್ಕೇ ಕಾಯಿ. ಇದರ ಕುಲ ಬೇರೆ ಅವ್ವಾ, ಇದು ಪೇರಲ, ನೇರಳೆಯ ಬಳಗ ಅಂತ ನಾನು ಜಾಣತನ ತೋರಿಸಲು ಹೋದೆ. ಅವಳಾಗಲೇ ಕೈಮುಗಿದಾಗಿತ್ತು. (ಗಾಣಗಾಪುರ ಅಂದ ಕೂಡಲೇ ನಿನಗೆ ಏನು ನೆನಪಾಯಿತು ಅಂತ ಗೊತ್ತು. ಚಪ್ಪಲಿ ವಿಷಯ ಇಲ್ಲಿ ಬೇಡ, ಮಂದಿ ಓದುತ್ತಾರೆ.)

ಹಣ್ಣು ಇಲ್ಲದಾಗಲೂ ನೋಡೋಕೆ ಚೆಂದ. ಪೇರಲದ ಹಾಗೆ ತೊಗಟೆ ತೆಳ್ಳಗೆ ಸುಲಿದು ಬೀಳುತ್ತದೆ, ಒಳಗೆ ನುಣ್ಣನೆಯ ತಿಳಿಗಂದು ಮೈ, ಅದರ ಮೇಲೆ ಅಲ್ಲಲ್ಲಿ ಮಚ್ಚೆ. ಎಲೆ ಸಣ್ಣದು, ಚಿಗುರು ಕೆಂಪು. ಹಣ್ಣಿನ ಸಿಪ್ಪೆ ದಪ್ಪ, ಸ್ವಲ್ಪ ಒಗರು. ಒತ್ತಿದರೆ ಬಿಳಿ ತಿರುಳು ಬಾಯಿಗೆ ಜಾರುತ್ತದೆ, ಸಿಹಿ, ಹಿಂದೆಯೇ ಒಂಚೂರು ಹುಳಿ. ಕಿತ್ತ ಮೂರ್ನಾಲ್ಕು ದಿನಕ್ಕೇ ಹುಳಿಯಲು ಶುರು, ಅದಕ್ಕೇ ಅಲ್ಲಿಯವರು ಜಾಮ್ ಮಾಡುತ್ತಾರೆ, ವೈನ್ ಮಾಡುತ್ತಾರೆ. ನಮ್ಮ ಸೂಪರ್ ಮಾರ್ಕೆಟ್ ಬಜಾರಿನ ತಳ್ಳುಬಂಡಿಗೆ ಬರುವ ಹಣ್ಣಲ್ಲ. ವೈನ್ ಅಂದ ಕೂಡಲೇ ನಿನ್ನ ಕಿವಿ ನೆಟ್ಟಗಾಗುವುದು ಬೇಡ, ಈ ಸಲ ಬಂದದ್ದು ಒಂದು ಬೊಗಸೆ. ಅದನ್ನು ಮಕ್ಕಳೇ ಮುಗಿಸಿದರು.

ಇನ್ನು ಇದರ ಸೇವೆ ಕೇಳು. ಇದಕ್ಕೆ ತುಸು ಹುಳಿ ಮಣ್ಣು, ಅಂದರೆ ಆಮ್ಲದ ಅಂಶವಿರುವ ಮಣ್ಣು ಬೇಕು. ನಮ್ಮಲ್ಲಿ ಏನಿದೆ? ಕಪ್ಪು ಮಣ್ಣು, ಅದರೊಳಗೆ ಸುಣ್ಣದ ಹರಳು. ಶಹಾಬಾದ್, ಸೇಡಂ ಕಡೆ ಹೋದರಂತೂ ಕೆಳಗೆಲ್ಲ ಸುಣ್ಣಕಲ್ಲೇ, ಅದಕ್ಕೇ ಅಲ್ಲಿ ನೆಲಕ್ಕೆ ಹಾಸುವ ಪರ್ಸಿ ಕಲ್ಲು, ಅದಕ್ಕೇ ಸಿಮೆಂಟು. ತೊಗರಿ ಇದರಲ್ಲಿ ಕುಣಿಯುತ್ತದೆ. ಈ ಗಿಡಕ್ಕೆ ಆಗಿಬರಲ್ಲ. ಸುಣ್ಣ ಜಾಸ್ತಿಯಾದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿ ಉಳಿಯುತ್ತದೆ. ಬೋರ್ ನೀರು ಹಾಕುವ ಹಾಗಿಲ್ಲ, ಬಕೆಟ್ಟಿಗೇ ಬಿಳಿ ಪದರ ಕಟ್ಟುವ ನೀರು ಅದು. ಮಳೆ ನೀರು ಹಿಡಿದಿಡುತ್ತೇನೆ, ಮುಗಿದರೆ ಎ.ಸಿ. ಪೈಪಿನ ಕೆಳಗೆ ಬಕೆಟ್. ಮೇ ತಿಂಗಳಲ್ಲಿ 44 ಡಿಗ್ರಿ ದಾಟಿ ಗಾಳಿಯೇ ಒಣಗಿರುವಾಗ ಆ ಪೈಪೂ ಕೈಕೊಡುತ್ತದೆ. ಹಾಗಾಗಿ ನೀಲಿ ಡ್ರಮ್ಮು ಅರ್ಧಕ್ಕೆ ಕೊಯ್ಸಿ, ಮಣ್ಣು ಬೆರೆಸಿ ಅದರಲ್ಲಿ ಇಟ್ಟಿದ್ದೇನೆ. ಕೇಳಿದವರಿಗೆಲ್ಲ ಇದೇ ಪಾಠ ಒಪ್ಪಿಸುತ್ತೇನೆ, ಸುಣ್ಣ, ಕಬ್ಬಿಣ, ಹುಳಿ ಮಣ್ಣು.

ಮೊನ್ನೆ ಪಕ್ಕದ ಮನೆಯ ಹುಡುಗ ಬಂದಿದ್ದ, ಕೃಷಿ ಓದುತ್ತಿದ್ದಾನೆ. "ಅಂಕಲ್, ದೊಡ್ಡ ಗುಂಡಿ ತೋಡಿ, ಮಣ್ಣು ಬದಲಿಸಿ, ಗಂಧಕ ಹಾಕಿ ನೆಲಕ್ಕೇ ಇಡಬಹುದಲ್ವಾ?" ಅಂದ. ಇಡಬಹುದು. ನನಗೂ ಗೊತ್ತು. ಅವನು ಹೋದ ಮೇಲೆ ಡ್ರಮ್ಮಿನ ಕೆಳಗಿನ ಸ್ಟ್ಯಾಂಡ್ ನೋಡುತ್ತ ಕೂತೆ. ನಾಲ್ಕು ಚಕ್ರ ಹಾಕಿಸಿದ್ದೇನೆ. ಬಿಸಿಲು ಬಂದರೆ ನೆರಳಿಗೆ ತಳ್ಳಲು ಅಂತ ಮನೆಯಲ್ಲಿ ಹೇಳಿದ್ದೆ. ಆದರೆ ವೆಲ್ಡಿಂಗ್ ಅಂಗಡಿಯಲ್ಲಿ ನಾನು ಹೇಳಿದ ಮಾತು ಬೇರೆ, "ಟೆಂಪೋ ಹತ್ತಿಸೋ ಹಂಗಿರಬೇಕು ನೋಡು". ಅಂಗಳದ ಈ ಮೂಲೆಯಿಂದ ಆ ಮೂಲೆಗೆ ಯಾರಾದರೂ ಟೆಂಪೋದಲ್ಲಿ ಒಯ್ಯುತ್ತಾರಾ?

ಮಗಳು ಪುಣೆಗೆ ಬನ್ನಿ ಅನ್ನುತ್ತಲೇ ಇದ್ದಾಳೆ. ನಾನು ಇಲ್ಲ ಅನ್ನುತ್ತಲೇ ಇದ್ದೇನೆ. ಎಲ್ಲರೂ ಮದುವೆಗೆ ಹೋದ ದಿನ ಬ್ರೋಕರ್ ಒಬ್ಬನನ್ನು ಕರೆಸಿ ಜಾಗ ಅಳೆಸಿದ್ದೂ ನಾನೇ. ಟೇಪಿನ ಆ ತುದಿ ಹಿಡಿದು ನಿಂತವನೂ ನಾನೇ. ಬೀಜದಿಂದ ಬೆಳೆದ ಜಬೂಟಿಕಾಬಾ ಹಣ್ಣು ಬಿಡಲು ಎಂಟು ಹತ್ತು ವರ್ಷ ಬೇಕು, ಕೆಲವಕ್ಕೆ ಇನ್ನೂ ಜಾಸ್ತಿ. ಅಷ್ಟು ತಡೆಯಲಾರೆ ಅಂತ ಹುಡುಕಿ ಬೇಗ ಬಿಡುವ ಜಾತಿಯನ್ನು ದೊಡ್ಡದಾಗಿದ್ದಾಗಲೇ ತಂದೆ. ಎಲ್ಲರೂ ಅದನ್ನು ನನ್ನ ಆತುರ ಅಂದುಕೊಂಡರು. ನೀನು ಬೆಂಗಳೂರಿಗೆ ಹೊರಟಾಗ ಸ್ಟೇಷನ್ನಿನಲ್ಲಿ ನಾಲ್ಕು ಜನರ ಎದುರಿಗೆ "ಬೇರು ಕಿತ್ಕೊಂಡು ಹೊಂಟ ನೋಡ್ರಿ" ಅಂದಿದ್ದೆನಲ್ಲ. ನೀನು ನಕ್ಕು ಸುಮ್ಮನಾಗಿದ್ದೆ. ಆ ನಗು ಈಗ ಯಾಕೋ ತಿರುಗಿ ತಿರುಗಿ ಬರುತ್ತದೆ.

ಅಯ್ಯೋ, ಗಿಡದ ಬಗ್ಗೆ ಬರೆಯಲು ಕೂತವನು ನಾನು. ಅಳಿಸಬಹುದು, ಆದರೆ ಫೋನಿನಲ್ಲಿ ಇಷ್ಟು ಕನ್ನಡ ಟೈಪ್ ಮಾಡಿದ ಮೇಲೆ ಅಳಿಸಲು ಮನಸ್ಸು ಬರಲ್ಲ. ಬ್ರೋಕರ್ ವಿಷಯ ಇನ್ನೂ ಮನೆಯಲ್ಲಿ ಹೇಳಿಲ್ಲ, ನನ್ನ ಹೆಂಡತಿ ಫೇಸ್‌ಬುಕ್ ನೋಡುವುದು ರಾತ್ರಿ ಊಟ ಆದ ಮೇಲೆ. ಅಷ್ಟರೊಳಗೆ ಫೋನ್ ಮಾಡಿ ಏನಾದರೂ ಉಪಾಯ ಹೇಳು.

ದಸರೆಗೆ ಬರುತ್ತೀಯಲ್ಲ, ಬರುವಾಗ ನಿಮ್ಮ ಕಡೆಯ ಕೆಂಪು ಮಣ್ಣು ಒಂದು ಚೀಲ ತಾ. ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಟಿ.ಸಿ. ಕೇಳಿದರೆ ರಾಗಿ ಹಿಟ್ಟು ಅನ್ನು. ನಿನ್ನ ಮುಖ ನೋಡಿದರೆ ನಂಬುತ್ತಾನೆ.

ನಿನ್ನ
ಡ್ರಮ್ ಮಾಸ್ತರ