ತೋಟದ ತಕ್ಕಡಿಯ ಮುಂದೆಯೂ ಆರಾಧನೆ ನಡೆಯಲಿ

ಮಾನ್ಯ ಸಂಪಾದಕರೇ,

ಕೊಡಗು ಜಿಲ್ಲೆಯಲ್ಲಿ ಅರೇಬಿಕಾ ಕಾಫಿಯ ಕೊಯ್ಲು ಆರಂಭವಾಗಿದೆ. ನಮ್ಮ ಚರ್ಚುಗಳಲ್ಲಿ ಕ್ರಿಸ್ಮಸ್ ಸಿದ್ಧತೆಯೂ ನಡೆದಿದೆ. ಸಿದ್ದಾಪುರದ ಬಳಿ ಸಣ್ಣ ಕಾಫಿ ತೋಟವಿರುವ ಕ್ರೈಸ್ತನೊಬ್ಬನ ಮನಸ್ಸಿನಲ್ಲಿ ಈ ಎರಡೂ ಒಟ್ಟಿಗೆ ಎಬ್ಬಿಸುವ ಒಂದು ವಿಚಾರವನ್ನು ತಮ್ಮ ಪತ್ರಿಕೆಯ ಮೂಲಕ ಹಂಚಿಕೊಳ್ಳಬಯಸುತ್ತೇನೆ.

ಆರಾಧನೆ ಎಂದೊಡನೆ ನಮಗೆ ನೆನಪಾಗುವುದು ಭಾನುವಾರದ ಬೆಳಗು. ಆದರೆ ಹೀಬ್ರೂ ಭಾಷೆಯಲ್ಲಿ ಆರಾಧನೆಗೂ ದುಡಿಮೆಗೂ ಬಳಕೆಯಾಗುವ 'ಅವೋದಾ' ಎಂಬ ಪದವೊಂದಿದೆ. ಬೈಬಲಿನ ವಿಮೋಚನಕಾಂಡದಲ್ಲಿ ಇಸ್ರಾಯೇಲ್ಯರು ಈಜಿಪ್ಟಿನಲ್ಲಿ ಜೀತದಾಳುಗಳಾಗಿ ಇಟ್ಟಿಗೆ ಮಾಡಿದ್ದಕ್ಕೂ, ಮುಂದೆ ಅವರ ಆರಾಧನೆಯ ಡೇರೆಯಾದ ದೇವದರ್ಶನದ ಗುಡಾರದಲ್ಲಿ ಸಲ್ಲಿಸಿದ ಸೇವೆಗೂ ಇದೇ ಪದ ಬಳಕೆಯಾಗಿದೆ. ಆದಿಕಾಂಡದ 2ನೇ ಅಧ್ಯಾಯದಲ್ಲಿ ದೇವರು ಮನುಷ್ಯನನ್ನು ಏದೆನ್ ತೋಟದಲ್ಲಿ ಇರಿಸಿದ್ದು ಅದನ್ನು ವ್ಯವಸಾಯ ಮಾಡಿ ಕಾಯುವುದಕ್ಕಾಗಿ. ಆ ವ್ಯವಸಾಯದ ಕ್ರಿಯಾಪದವೂ ಇದೇ ಧಾತುವಿನದು. ತೋಟದ ಕೆಲಸವನ್ನೇ ಬದುಕಾಗಿಸಿಕೊಂಡ ಕೊಡಗಿನವರಿಗೆ ಇದಕ್ಕಿಂತ ಹತ್ತಿರದ ಮಾತು ಇನ್ನಾವುದಿದೆ? ಸಂತ ಪೌಲನೂ ರೋಮಿನ ವಿಶ್ವಾಸಿಗಳಿಗೆ ಬರೆಯುವಾಗ ದೇಹಗಳನ್ನೇ ಸಜೀವ ಯಜ್ಞವಾಗಿ ಅರ್ಪಿಸಿರಿ, ಅದೇ ನಿಮ್ಮ ಆರಾಧನೆ ಎನ್ನುತ್ತಾನೆ. ಬಗ್ಗುವ ಬೆನ್ನು, ಹಣ್ಣು ಕೊಯ್ಯುವ ಕೈ, ಲೆಕ್ಕ ಬರೆಯುವ ಬೆರಳು ಎಲ್ಲವೂ ಆ ಅರ್ಪಣೆಗೆ ಸೇರಿದವು.

ಹಾಗಿರುವಾಗ ಸಂಜೆ ಕೂಲಿಯ ಲೆಕ್ಕಕ್ಕಾಗಿ ಕಾಫಿ ಹಣ್ಣಿನ ಚೀಲಗಳನ್ನು ತೂಗುವ ತಕ್ಕಡಿಯೂ ಆರಾಧನೆಯ ಜಾಗವೇ ಆಗಬೇಕು. ವ್ಯಾಪಾರ ನಿಲ್ಲಿಸುವ ವಿಶ್ರಾಂತಿಯ ದಿನವಾದ ಸಬ್ಬತ್ ಯಾವಾಗ ಮುಗಿದೀತು, ಅಳತೆ ಕಿರಿದು ಮಾಡಿ, ಮೋಸದ ತಕ್ಕಡಿಯಿಂದ ಯಾವಾಗ ಮಾರಿಯೇವು ಎಂದು ಕಾಯುವವರನ್ನು ಪ್ರವಾದಿ ಆಮೋಸನು ಖಂಡಿಸಿದ್ದು ಇದೇ ಕಾರಣಕ್ಕೆ. ಅವರು ಸಬ್ಬತ್ತನ್ನು ಮುರಿದವರಲ್ಲ, ಅದನ್ನು ಆಚರಿಸುತ್ತಿದ್ದವರು ಎಂಬುದನ್ನು ನಾವು ಗಮನಿಸುವುದೇ ಇಲ್ಲ. ಬಡ ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವುದರೊಳಗೆ ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡ ಆಜ್ಞಾಪಿಸುತ್ತದೆ. ಹೊಲ ಕೊಯ್ದವರಿಂದ ತಡೆಹಿಡಿದ ಕೂಲಿಯೇ ಕೂಗುತ್ತದೆ ಎಂದು ಯಾಕೋಬನ ಪತ್ರಿಕೆ ಹೇಳುತ್ತದೆ.

ಇದನ್ನು ಪರರಿಗೆ ಉಪದೇಶವಾಗಿ ಬರೆಯುತ್ತಿಲ್ಲ. ಒಂದು ವರ್ಷ ಕಾಫಿ ಮಾರಿದ ಹಣ ಕೈಸೇರಲೆಂದು ನಾನೇ ಎರಡು ವಾರದ ಬಟವಾಡೆಯನ್ನು ಮುಂದೂಡಿದ್ದೆ. ಆ ಎರಡು ಭಾನುವಾರವೂ ತಪ್ಪದೆ ಚರ್ಚಿಗೆ ಹೋಗಿ ಕಾಣಿಕೆ ಹಾಕಿ ಬಂದೆ. ಕೆಲಸಗಾರರ ಲೈನ್ ಮನೆಯ ಹೆಂಗಸೊಬ್ಬರು ಸಂತೆಗೆ ಹೋಗಲಾಗದೆ ಪಕ್ಕದ ಮನೆಯಿಂದ ಅಕ್ಕಿ ಕಡ ತಂದಿದ್ದರೆಂದು ಬಹಳ ದಿನಗಳ ಮೇಲೆ ತಿಳಿಯಿತು. ಅವರು ನನ್ನೆದುರು ಒಂದು ಮಾತೂ ಆಡಿರಲಿಲ್ಲ. ಅಂದಿನಿಂದ ಮನೆಯ ಖರ್ಚು ಎಷ್ಟೇ ಬಿಗಿಯಾದರೂ ಬಟವಾಡೆಯ ದಿನ ತಪ್ಪಿಸಿಲ್ಲ.

ಈ ನಾಡಿನ ಕ್ರೈಸ್ತರಿಗೆ ಇನ್ನೂ ಒಂದು ಋಣವಿದೆ. ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಚರಿತ್ರೆ 1792ರಷ್ಟು ಹಳೆಯದು. ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ರೈಸ್ತರಿಗೆ ಅಲ್ಲಿ ನೆಲೆ ಕೊಟ್ಟವನು ಹಾಲೇರಿ ವಂಶದ ಅರಸ ದೊಡ್ಡವೀರರಾಜೇಂದ್ರ, ಅವನು ಕ್ರೈಸ್ತನಾಗಿರಲಿಲ್ಲ. ಹಾಗೆ ಆಶ್ರಯ ಪಡೆದ ಸಮುದಾಯಕ್ಕೆ ಸೇರಿದ ನಾವು ಇಂದು ಅಸ್ಸಾಮಿನಿಂದ ಭಾಷೆಯೂ ತಿಳಿಯದೆ ಕೆಲಸಕ್ಕೆ ಬರುವವರನ್ನು, ತಲೆಮಾರುಗಳಿಂದ ಇಲ್ಲಿಯೇ ದುಡಿಯುತ್ತಿರುವ ಯರವ ಬುಡಕಟ್ಟಿನವರನ್ನು ಹೇಗೆ ನಡೆಸಿಕೊಳ್ಳುತ್ತೇವೆ ಎಂಬುದು ಕೇವಲ ವ್ಯವಹಾರದ ಪ್ರಶ್ನೆಯಲ್ಲ.

ಆದ್ದರಿಂದ ಜಿಲ್ಲೆಯ ಧರ್ಮಗುರುಗಳಲ್ಲಿಯೂ ಸಭಾಪಾಲಕರಲ್ಲಿಯೂ ನನ್ನದೊಂದು ವಿನಂತಿ. ರೊಬಸ್ಟಾ ಕಾಫಿಯ ಕೊಯ್ಲಿಗೆ ಮುನ್ನ ಒಂದು ಭಾನುವಾರ ಧರ್ಮೋಪದೇಶಕಾಂಡದ 24ನೇ ಅಧ್ಯಾಯವನ್ನು ಓದಿಸಿ, ಅದರ ಮೇಲೆ ಪ್ರಸಂಗ ಮಾಡಿರಿ. ತೋಟವಿರುವ ಸಭಿಕರು ತಕ್ಕಡಿಯ ಅಂಕಿ ಕೆಲಸಗಾರರ ಕಣ್ಣಿಗೆ ಕಾಣುವಂತೆ ಇಟ್ಟು, ತೂಕವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಗಟ್ಟಿಯಾಗಿ ಹೇಳಿ ಬರೆದುಕೊಳ್ಳುವಂತೆಯೂ, ಕ್ರಿಸ್ಮಸ್ ವಾರದ ಬಟವಾಡೆಯನ್ನು ಹಬ್ಬಕ್ಕೆ ಮೊದಲೇ ಮುಗಿಸುವಂತೆಯೂ ತಿಳಿಸಿರಿ.

ಇಂತಿ,
ಒಬ್ಬ ಕಾಫಿ ಬೆಳೆಗಾರ
ಸಿದ್ದಾಪುರ, ಕೊಡಗು